ಮೊದಲ ಗೆಲುವುಗಳ ಲೆಕ್ಕ

ಅಂಗಡಿಯಲ್ಲಿ ಬೆಳಗಿನ ಬೋಣಿ, ಗದ್ದೆಯಲ್ಲಿ ಮೊದಲ ಮಳೆ, ಪಂದ್ಯಾವಳಿಯಲ್ಲಿ ಮೊದಲ ಗೆಲುವು, ಈ ಮೂರೂ ಒಂದೇ ಜಾತಿಗೆ ಸೇರಿದವು. ಬಂದುದು ಅಲ್ಪವಾದರೂ ಬರಲಿರುವುದರ ಹೆಸರಿನಲ್ಲಿ ಅವು ಹಿಗ್ಗಿ ಕಾಣಿಸುತ್ತವೆ. ಬೋಣಿಯಾದ ವರ್ತಕನು ಸಂಜೆಯ ಗಲ್ಲಾಪೆಟ್ಟಿಗೆಯನ್ನು ಆಗಲೇ ಮನಸ್ಸಿನಲ್ಲಿ ಎಣಿಸತೊಡಗುತ್ತಾನೆ. ಮೊದಲ ಮಳೆ ಬಿದ್ದ ರಾತ್ರಿ ಒಕ್ಕಲಿಗನ ಕನಸಿನಲ್ಲಿ ಕಣಜ ತುಂಬುತ್ತದೆ. ತನ್ನ ತಂಡವು ಮೊದಲಿನ ಎರಡು ಪಂದ್ಯಗಳನ್ನು ಗೆದ್ದುದನ್ನು ಕಂಡ ಅಭಿಮಾನಿಯು ಕಡೆಯ ಪಂದ್ಯವನ್ನು ಯಾರ ಮನೆಯಲ್ಲಿ ಕುಳಿತು ನೋಡುವುದೆಂದು ಗೊತ್ತುಮಾಡಿಕೊಳ್ಳುತ್ತಾನೆ. ಮೊದಲಿನ ಇಬ್ಬರಿಗೆ ಲೋಕವು ಬೇಗನೆ ಬುದ್ಧಿ ಕಲಿಸುತ್ತದೆ. ಸಾಲಗಾರನೂ ಕಳೆಯೂ ಅವರ ಗುರುಗಳು. ಮೂರನೆಯವನಿಗೆ ಅಂತಹ ಗುರುವಿಲ್ಲ. ಅವನಿಗೆ ಆದ ನಷ್ಟವು ಯಾವ ಖಾತೆಗೂ ಏರುವುದಿಲ್ಲ. ಮರುವರ್ಷ ಅವನು ಅದೇ ಆಸೆಯನ್ನು ಅದೇ ಬೆಲೆಗೆ ಮತ್ತೊಮ್ಮೆ ಕೊಳ್ಳುತ್ತಾನೆ.

ಉಡುಪಿಯಿಂದ ಮಣಿಪಾಲ, ಪರ್ಕಳ, ಆತ್ರಾಡಿಗಳನ್ನು ದಾಟಿ ಕಾರ್ಕಳದ ಕಡೆಗೆ ಸಾಗುವ ಮಾರ್ಗದಲ್ಲಿ ಹಿರಿಯಡ್ಕವಿದೆ. ವೀರಭದ್ರ ದೇವರ ಸನ್ನಿಧಿಯಿಂದ, ಸಿರಿಜಾತ್ರೆಯಿಂದ, ಯಕ್ಷಗಾನದಿಂದ ಹೆಸರಾದ ಊರು ಇದು. ಇಂತಹ ಊರಿಗೂ ಘಟ್ಟದ ಮೇಲಿನ ಬೆಂಗಳೂರಿನ ಹೆಸರು ಹೊತ್ತ ಕ್ರಿಕೆಟ್ ತಂಡವೊಂದಕ್ಕೂ ಏನು ಸಂಬಂಧವೆಂದು ಕೇಳುವವರಿರಬಹುದು. ರಾಯಲ್ ಚಾಲೆಂಜರ್ಸ್ ತಂಡವು 2008ರಲ್ಲಿ ಹುಟ್ಟಿದಂದಿನಿಂದ ಅದರಲ್ಲಿ ಕನ್ನಡ ಬಲ್ಲವರಿಗಿಂತ ಕನ್ನಡ ಬಾರದವರೇ ಹೆಚ್ಚು. ಅದರ ಬಲುದೊಡ್ಡ ಹೆಸರು ದಿಲ್ಲಿಯದು, 2025ರ ನಾಯಕನು ಇಂದೂರಿನವನು. ಆದರೂ ಏಪ್ರಿಲ್ ತಿಂಗಳ ಸೆಕೆಯ ರಾತ್ರಿಗಳಲ್ಲಿ ಹಿರಿಯಡ್ಕದ ಜಗಲಿಗಳಿಂದ ಒಮ್ಮೆಗೇ ಏಳುವ ಕೂಗನ್ನು ಕೇಳಿದವರು ಈ ಪ್ರಶ್ನೆಯನ್ನು ಕೇಳಲಾರರು. ಅಭಿಮಾನವು ವಂಶಾವಳಿಯನ್ನು ನೋಡಿ ಹುಟ್ಟುವುದಿಲ್ಲ.

ಈ ಊರಿನ ಒಂದು ಮನೆಯಲ್ಲಿ ನಿವೃತ್ತರಾದ ಗಣಿತದ ಮಾಸ್ತರರೊಬ್ಬರು ಇದ್ದಾರೆ. ಮನೆಯಲ್ಲಿ ಅವರ ಪತ್ನಿ, ಮಗ, ಸೊಸೆ, ಮೊಮ್ಮಗ, ಮೊಮ್ಮಗಳು. ಆಟದ ಹುಚ್ಚು ಮೊಮ್ಮಕ್ಕಳದು. ಲೆಕ್ಕದ ಹುಚ್ಚು ಅಜ್ಜನದು. ಇವೆರಡರ ಸಂಧಿಯಿಂದ ಹುಟ್ಟಿದುದು ದಪ್ಪ ರಟ್ಟಿನ ಒಂದು ಪುಸ್ತಕ. ಪ್ರತಿಯೊಂದು ಪಂದ್ಯ ಮುಗಿದ ಮೇಲೆ ಮಾಸ್ತರರು ಅದರಲ್ಲಿ ಒಂದು ಗೆರೆ ಬರೆಯುತ್ತಾರೆ. ಎಡಗಡೆಯ ಕಲಮಿನಲ್ಲಿ ಪಂದ್ಯದ ಫಲ. ಬಲಗಡೆಯದರಲ್ಲಿ ಅಂದು ಮನೆಯವರು ಆಡಿದ ಮಾತು. ಎಡಗಡೆಯದನ್ನು ಮರುದಿನದ ಯಾವ ಪತ್ರಿಕೆಯಲ್ಲಾದರೂ ಓದಬಹುದು. ಬಲಗಡೆಯದು ಬೇರೆಲ್ಲಿಯೂ ದೊರೆಯದು. ನಿಜವಾದ ಇತಿಹಾಸವಿರುವುದು ಅಲ್ಲಿಯೇ.

ಆ ಪುಸ್ತಕದ 2021ರ ಪುಟವು ನೋಡತಕ್ಕದ್ದು. ಆ ವರ್ಷ ಮೊಮ್ಮಗನಿಗೆ ಕಾಲೇಜು ಇರಲಿಲ್ಲ, ಪಾಠವೆಲ್ಲ ಮನೆಯಲ್ಲಿಯೇ. ಮಹಾಮಾರಿಯ ದೆಸೆಯಿಂದ ಕ್ರೀಡಾಂಗಣಗಳು ಬರಿದಾಗಿದ್ದವು. ತಂಡವು ಏಪ್ರಿಲ್ 9ರಂದು ಮುಂಬಯಿಯವರನ್ನು ಸೋಲಿಸಿತು. ಅನಂತರ ಹೈದರಾಬಾದನ್ನು, ಕೋಲ್ಕತ್ತವನ್ನು ಸೋಲಿಸಿತು. 22ರಂದು ರಾಜಸ್ಥಾನದವರು ಒಡ್ಡಿದ ಮೊತ್ತವನ್ನು ಒಂದು ವಿಕೆಟ್ಟನ್ನೂ ಕಳೆದುಕೊಳ್ಳದೆ ದಾಟಿತು. ಅಂದು ಕರ್ನಾಟಕದವರೇ ಆದ ದೇವದತ್ತ ಪಡಿಕ್ಕಲ್ ಅವರು ಶತಕ ಬಾರಿಸಿ ಅಜೇಯರಾಗಿ ಉಳಿದರು. ನಾಲ್ಕಕ್ಕೆ ನಾಲ್ಕು! ತಂಡದ ಚರಿತ್ರೆಯಲ್ಲಿಯೇ ಅಂತಹ ಆರಂಭವಾಗಿರಲಿಲ್ಲ. ಬಲಗಡೆಯ ಕಲಮು ಮೊದಲ ದಿನ “ಪರವಾಗಿಲ್ಲ” ಎಂದಿತ್ತು. ಎರಡನೆಯ ದಿನ “ಈ ಸಲ ಬೇರೆ ಗಾಳಿ” ಎಂದಿತು. ಮೂರನೆಯ ದಿನ “ಇನ್ನು ತಡೆಯುವವರಿಲ್ಲ” ಎಂದಿತು. ನಾಲ್ಕನೆಯ ದಿನ “ಕಪ್ಪು ಬಂದ ಹಾಗೆಯೇ” ಎಂದಿತು. ಫಲವು ಒಂದೊಂದೇ ಮೆಟ್ಟಿಲು ಏರುತ್ತಿದ್ದರೆ ಮಾತು ಮೂರು ಮೂರು ಮೆಟ್ಟಿಲು ಹಾರುತ್ತಿತ್ತು.

ಐದನೆಯ ಪಂದ್ಯವು ಏಪ್ರಿಲ್ 25ರಂದು ಚೆನ್ನೈ ತಂಡದೊಡನೆ. ಮೊದಲಿನ ಸರದಿಯ ಕೊನೆಯ ಓವರನ್ನು ಹರ್ಷಲ್ ಪಟೇಲರು ಎಸೆದರು. ರವೀಂದ್ರ ಜಡೇಜರು ಹೊಡೆದರು. ಆ ಒಂದೇ ಓವರಿನಲ್ಲಿ 37 ರನ್ನುಗಳು ಹರಿದುಹೋದವು. ತಂಡವು 69 ರನ್ನುಗಳಿಂದ ಸೋತಿತು. ಅಂದಿನ ಬಲಗಡೆಯ ಕಲಮಿನಲ್ಲಿ ಆ ಎಸೆತಗಾರನ ವಿಷಯವಾಗಿ ಮೊಮ್ಮಗನು ಆಡಿದ ಮಾತನ್ನು ಮಾಸ್ತರರು ಬರೆದು, ಅನಂತರ ಮಕ್ಕಳು ಓದಬಾರದೆಂದು ಹೊಡೆದುಹಾಕಿದ್ದಾರೆ. ಮುಂದೆ ನಡೆದುದೇನು? ಮೇ ತಿಂಗಳಲ್ಲಿ ಪಂದ್ಯಾವಳಿಯು ರೋಗದ ಕಾರಣದಿಂದ ನಿಂತು, ಸೆಪ್ಟೆಂಬರಿನಲ್ಲಿ ಅರಬ್ ದೇಶದಲ್ಲಿ ಮುಂದುವರಿಯಿತು. ತಂಡವು ಮೂರನೆಯ ಸ್ಥಾನದಲ್ಲಿ ನಿಂತು, ಅಕ್ಟೋಬರ್ 11ರಂದು ಕೋಲ್ಕತ್ತದವರಿಗೆ ಸೋತು ಹೊರಬಿದ್ದಿತು. ಆದರೆ ಯಾರನ್ನು ಆ ರಾತ್ರಿ ಹಳಿದರೋ ಅದೇ ಹರ್ಷಲ್ ಪಟೇಲರು ಆ ವರ್ಷ 32 ವಿಕೆಟ್ಟುಗಳನ್ನು ಪಡೆದು, ಇಡೀ ಪಂದ್ಯಾವಳಿಯ ಎಸೆತಗಾರರಲ್ಲಿ ಮೊದಲಿಗರಾದರು. ನಾಲ್ಕು ಗೆಲುವುಗಳಿಂದ ತಂಡವನ್ನು ಅಳೆದುದು ಎಷ್ಟು ತಪ್ಪೋ, ಒಂದು ಓವರಿನಿಂದ ಒಬ್ಬ ಮನುಷ್ಯನನ್ನು ಅಳೆದುದೂ ಅಷ್ಟೇ ತಪ್ಪಾಗಿತ್ತು. ಎರಡೂ ಒಂದೇ ಅವಸರದ ಮಕ್ಕಳು.

ಇದು ಒಂದು ವರ್ಷದ ಮಾತಾಗಿದ್ದರೆ ದೈವವೆಂದು ಸುಮ್ಮನಿರಬಹುದಿತ್ತು. ಪುಸ್ತಕದ ಬೇರೆ ಪುಟಗಳೂ ಇದೇ ಸಾಕ್ಷಿಯನ್ನು ಹೇಳುತ್ತವೆ. 2013ರ ಏಪ್ರಿಲ್ 23ರಂದು ಕ್ರಿಸ್ ಗೇಯ್ಲ್ ಅವರು ಒಬ್ಬರೇ 175 ರನ್ನುಗಳನ್ನು ಬಾರಿಸಿ, ತಂಡದ ಮೊತ್ತವನ್ನು 263ಕ್ಕೆ ಏರಿಸಿದರು. ಆ ವರ್ಷ ತಂಡವು ಐದನೆಯದಾಗಿ, ಮುಂದಿನ ಸುತ್ತಿಗೆ ಹೋಗುವ ನಾಲ್ವರಲ್ಲಿ ಸೇರಲೇ ಇಲ್ಲ. 2020ರಲ್ಲಿ ಮೊದಲ ಹತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು, ಅನಂತರ ಸಾಲಾಗಿ ಐದನ್ನು ಸೋತು ಮನೆಗೆ ಬಂದಿತು. 2025ರ ಫೆಬ್ರವರಿಯಲ್ಲಿ ಮಹಿಳೆಯರ ತಂಡವು ಹಿಂದಿನ ವರ್ಷದ ವಿಜೇತರೆಂಬ ಹೆಮ್ಮೆಯಿಂದ ಹೊರಟು, ಮೊದಲ ಪಂದ್ಯದಲ್ಲಿಯೇ 202 ರನ್ನುಗಳ ಗುರಿಯನ್ನು ಮುಟ್ಟಿ, ಎರಡನೆಯದನ್ನೂ ಸುಲಭವಾಗಿ ಗೆದ್ದಿತು. ಆ ಬಳಿಕ ಐದು ಪಂದ್ಯಗಳನ್ನು ಒಂದರ ಹಿಂದೊಂದರಂತೆ ಸೋತಿತು. ಅವುಗಳಲ್ಲಿ ನಾಲ್ಕು ಬೆಂಗಳೂರಿನಲ್ಲಿಯೇ, ತುಂಬಿದ ಸಭೆಯ ಎದುರಿನಲ್ಲಿಯೇ ಆದ ಸೋಲುಗಳು. ಮೊಮ್ಮಗಳು ಆ ವಾರ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವೆಂದು ಬಲಗಡೆಯ ಕಲಮಿನಲ್ಲಿದೆ.

ಇದಕ್ಕೆ ವಿರುದ್ಧವಾದ ಸಾಕ್ಷಿಗಳೂ ಅಷ್ಟೇ ಬಲವಾದವು. 2024ರಲ್ಲಿ ಪುರುಷರ ತಂಡವು ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದುದು ಒಂದನ್ನೇ. ಊರೆಲ್ಲ ಕೈಬಿಟ್ಟ ಮೇಲೆ ಸಾಲಾಗಿ ಆರು ಪಂದ್ಯಗಳನ್ನು ಗೆದ್ದು ಮೊದಲ ನಾಲ್ಕರಲ್ಲಿ ಸೇರಿಕೊಂಡಿತು. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತದ ಪುರುಷರ ಹಾಕಿ ತಂಡವು ತನ್ನ ಎರಡನೆಯ ಪಂದ್ಯದಲ್ಲಿ ಆಸ್ಟ್ರೇಲಿಯದವರಿಂದ 7 ಗೋಲುಗಳನ್ನು ಹೊಡೆಸಿಕೊಂಡು ತಾನು ಒಂದನ್ನು ಮಾತ್ರ ಹೊಡೆಯಿತು. ಅಂದು ದೂರದರ್ಶನವನ್ನು ಮುಚ್ಚಿದವರು ಆಗಸ್ಟ್ 5ರಂದು ಅದೇ ತಂಡವು ಜರ್ಮನಿಯನ್ನು 5-4ರಿಂದ ಸೋಲಿಸಿ, 41 ವರ್ಷಗಳ ಬಳಿಕ ಪದಕವನ್ನು ತಂದುದನ್ನು ಕಾಣದೆಹೋದರು. ಮಹಿಳೆಯರ ಹಾಕಿ ತಂಡವು ಮೊದಲ ಮೂರು ಪಂದ್ಯಗಳನ್ನೂ ಸೋತು, ಆ ಮೇಲೆ ಆಸ್ಟ್ರೇಲಿಯದವರನ್ನೇ ಕೆಡವಿ, ಕಡೆಗೆ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಆದುದರಿಂದ ಆರಂಭವು ಅಂತ್ಯದ ಕನ್ನಡಿಯೆಂಬ ಮಾತಿಗೆ ಆಧಾರವು ಸಾಲದು.

ಮಾಸ್ತರರು ಇದನ್ನು ಮೊಮ್ಮಗನಿಗೆ ನಾಣ್ಯದ ದೃಷ್ಟಾಂತದಿಂದ ತಿಳಿಸಿಕೊಟ್ಟರು. ಎಲ್ಲ ತಂಡಗಳೂ ಸಮಬಲವೆಂದು ಇಟ್ಟುಕೊಂಡರೆ, ಒಂದು ತಂಡವು ಮೊದಲ ನಾಲ್ಕು ಪಂದ್ಯಗಳನ್ನೂ ಗೆಲ್ಲುವ ಸಂಭವವು ಹದಿನಾರರಲ್ಲಿ ಒಂದು. ನಾಣ್ಯವನ್ನು ನಾಲ್ಕು ಸಲ ಚಿಮ್ಮಿದಾಗ ನಾಲ್ಕೂ ಸಲ ರಾಜನ ತಲೆಯೇ ಬಿದ್ದ ಹಾಗೆ. ಎಂಟೋ ಹತ್ತೋ ತಂಡಗಳು ಆಡುವ ಕೂಟದಲ್ಲಿ ಎರಡು ಮೂರು ವರ್ಷಗಳಿಗೊಮ್ಮೆ ಯಾವುದಾದರೊಂದು ತಂಡಕ್ಕೆ ಬರಿಯ ಅದೃಷ್ಟದಿಂದಲೇ ಇಂತಹ ಆರಂಭವು ಒದಗಿಬಿಡುತ್ತದೆ. ಅದು ಹೆಚ್ಚಿನ ಬಲದ ಗುರುತೂ ಆಗಿರಬಹುದು. ಆದರೆ ಇಷ್ಟರಿಂದಲೇ ಹಾಗೆಂದು ತೀರ್ಮಾನಿಸಲಾಗದು. ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿದ್ವಾಂಸನು 1886ರಲ್ಲಿ, ಬಹಳ ಎತ್ತರವಾದ ತಂದೆತಾಯಿಗಳ ಮಕ್ಕಳು ಸಾಮಾನ್ಯರಿಗಿಂತ ಎತ್ತರವೇ ಆಗಿದ್ದರೂ ಬಹುಮಟ್ಟಿಗೆ ತಂದೆತಾಯಿಗಳಷ್ಟು ಎತ್ತರವಾಗಿರುವುದಿಲ್ಲವೆಂದು ತೋರಿಸಿಕೊಟ್ಟನು. ವಿಶೇಷವಾದುದೆಲ್ಲವೂ ಸಾಮಾನ್ಯದ ಕಡೆಗೆ ಒಂದಿಷ್ಟು ವಾಲುತ್ತದೆ. ನಾಲ್ಕು ಗೆಲುವುಗಳಾದ ಮೇಲೆ ಬರುವ ಸೋಲು ಶಾಪವಲ್ಲ, ಮೋಸವಲ್ಲ, ಆಟಗಾರರ ಮೈಗಳ್ಳತನವೂ ಅಲ್ಲ. ತಕ್ಕಡಿಯು ತನ್ನ ಸ್ಥಾನಕ್ಕೆ ಮರಳುವ ರೀತಿ ಅದು.

ಮೊಮ್ಮಗನು ಎಲ್ಲವನ್ನೂ ಕೇಳಿ ಒಂದು ಮಾತನ್ನು ಹೇಳಿದನು: “ಅಜ್ಜ, ಲೆಕ್ಕ ಸರಿ. ಆದರೆ ಆಸೆಯನ್ನೇ ಇಟ್ಟುಕೊಳ್ಳದೆ ನೋಡುವುದಾದರೆ ಆಟವನ್ನು ನೋಡುವುದಾದರೂ ಏತಕ್ಕೆ?”

ಇದು ಉಡಾಫೆಯ ಪ್ರಶ್ನೆಯಲ್ಲ. ಇಡೀ ವಿಷಯದ ಗಂಟು ಇಲ್ಲಿಯೇ ಇದೆ. ನಿರಾಶೆಗೆ ಹೆದರಿ ಆಸೆಯನ್ನೇ ತೊರೆದವನು ಸುಖಿಯಾದಾನು, ಅಭಿಮಾನಿಯಾಗಲಾರನು. ಮಾಸ್ತರರು ಉತ್ತರವನ್ನು ಪುಸ್ತಕದಿಂದ ಕೊಡದೆ ಗದ್ದೆಯಿಂದ ಕೊಟ್ಟರು. “ಮಾಣಿ, ಮಳೆ ಬೇಡವೆಂದು ಯಾರೂ ಹೇಳುವುದಿಲ್ಲ. ಹುಣಿ ಕಟ್ಟಿಕೋ ಎನ್ನುತ್ತಾರೆ.” ಹುಣಿಯಿಲ್ಲದ ಗದ್ದೆಯಲ್ಲಿ ಬಿದ್ದ ನೀರು ನಿಲ್ಲುವುದಿಲ್ಲ, ಮಣ್ಣನ್ನೂ ಕೊಚ್ಚಿಕೊಂಡು ಹೋಗಿ ಕೆಳಗಿನವನ ಬೆಳೆಯನ್ನು ಕೆಡಿಸುತ್ತದೆ. ಹುಣಿಯಿದ್ದಲ್ಲಿ ಅದೇ ನೀರು ಬೇರಿಗೆ ಇಳಿಯುತ್ತದೆ. ಈ ಸೀಮೆಯ ಒಕ್ಕಲುಮಕ್ಕಳು ವರ್ಷವನ್ನು ಒಂದೇ ಬೆಳೆಯ ಮೇಲೆ ಕಟ್ಟಿದವರಲ್ಲ. ಏಣೆಲು ಕೈಕೊಟ್ಟರೆ ಸುಗ್ಗಿ, ನೀರಿನ ಅನುಕೂಲವಿದ್ದಲ್ಲಿ ಕೊಳಕೆ ಎಂದು ಆಸೆಯನ್ನು ಮೂರು ಗದ್ದೆಗಳಿಗೆ ಹಂಚಿ ಇಟ್ಟವರು. ಆಸೆಯನ್ನು ಹಂಚಿಡುವುದೂ ಒಂದು ಕೃಷಿ.

ಹಿರಿಯಡ್ಕದವರಿಗೆ ಈ ವಿವೇಕವು ಹೊಸದಲ್ಲ. ಬಡಗುತಿಟ್ಟಿನ ಮದ್ದಳೆಗೆ ಹೆಸರಾದ ಹಿರಿಯಡ್ಕ ಗೋಪಾಲರಾಯರು ನೂರು ವರ್ಷಗಳನ್ನು ತುಂಬಿ 2020ರಲ್ಲಿ ತೀರಿಕೊಂಡರು. ಇಡೀ ರಾತ್ರಿಯ ಆಟವನ್ನು ಬಲ್ಲ ಮದ್ದಳೆಗಾರನು ಒಡ್ಡೋಲಗದಲ್ಲಿಯೇ ತನ್ನ ಬೆರಳುಗಳ ಬಲವನ್ನೆಲ್ಲ ಚೆಲ್ಲಿಬಿಡುವುದಿಲ್ಲ. ಬೆಳಗಿನ ಜಾವದ ಯುದ್ಧದ ಪದಗಳಿಗೆ ಏರುಗತಿ ಬೇಕೆಂಬುದು ಅವನಿಗೆ ಗೊತ್ತು. ಪ್ರೇಕ್ಷಕನೂ ಹಾಗೆಯೇ. ರಾತ್ರಿ ಹತ್ತು ಗಂಟೆಗೆ ಕುಣಿದ ವೇಷವನ್ನು ಕಂಡು “ಆಟ ಗೆದ್ದಿತು” ಎನ್ನುವವನನ್ನು ಪಕ್ಕದ ಚಾಪೆಯವನು ನೋಡಿ ನಗುತ್ತಾನೆ. ಆಟ ಹೇಗಿತ್ತೆಂಬುದನ್ನು ಬೆಳಗಾದ ಮೇಲೆ, ಮಂಗಳವಾದ ಮೇಲೆ, ಮನೆಗೆ ನಡೆದು ಹೋಗುವ ದಾರಿಯಲ್ಲಿ ಹೇಳತಕ್ಕದ್ದು. ವಿಚಿತ್ರವೇನೆಂದರೆ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯ ಸುಮಾರಿಗೇ ಈ ಕ್ರಿಕೆಟ್ ಪಂದ್ಯಾವಳಿಯೂ ಮುಗಿಯುತ್ತದೆ. ಅದೇ ಊರಿನ ಅದೇ ಜನರು ಒಂದು ಆಟಕ್ಕೆ ಬೆಳಗಿನವರೆಗೆ ಕಾಯಬಲ್ಲರು, ಇನ್ನೊಂದಕ್ಕೆ ಮೊದಲ ವಾರದಲ್ಲಿಯೇ ತೀರ್ಪು ಕೊಡುತ್ತಾರೆ.

ಆಟಗಾರನ ಕರ್ತವ್ಯವೂ ಇಲ್ಲಿ ಇಲ್ಲದಿಲ್ಲ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ಉದ್ದದ ಕೆಸರುಗದ್ದೆಯನ್ನು 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಯಾರೋ ಭಾಗಿಸಿ ನೋಡಿ, ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟರ ಲೋಕದಾಖಲೆಯು 9.58. ಅಷ್ಟೇ ಸಾಕಾಯಿತು. ದೇಶದ ಪತ್ರಿಕೆಗಳು ಅವರನ್ನು ಒಲಿಂಪಿಕ್ಸಿಗೆ ಕಳುಹಿಸಿಯೇಬಿಟ್ಟವು. ಕೇಂದ್ರದ ಕ್ರೀಡಾಸಚಿವರು ಪರೀಕ್ಷೆಯ ಓಟಕ್ಕೆ ಕರೆಯಿಸಿದರು. ಆಗ ಆ ಯುವಕರು ತೋರಿಸಿದ ತಾಳ್ಮೆಯನ್ನು ಮೆಚ್ಚಬೇಕು. ಕಂಬಳದ ಓಟ ಬೇರೆ, ಓಟದ ಮೈದಾನ ಬೇರೆ. ಇಲ್ಲಿ ಹಿಮ್ಮಡಿಯ ಕೆಲಸ, ಅಲ್ಲಿ ಬೆರಳುಗಳ ಕೆಲಸ. ಈ ವೇಗದಲ್ಲಿ ಕೋಣಗಳ ಪಾಲೂ ಇದೆಯೆಂದು ತಿಳಿಸಿ, ಅವರು ಆ ಪರೀಕ್ಷೆಗೆ ಒಪ್ಪಲಿಲ್ಲ. ಜನರು ತನ್ನ ತಲೆಯ ಮೇಲೆ ಹೊರಿಸಿದ ಕಿರೀಟವನ್ನು ತಾನೇ ಕೆಳಗಿಳಿಸಿ, ತನ್ನದಾದ ಪೇಟವನ್ನು ಮಾತ್ರ ಉಳಿಸಿಕೊಂಡ ಹಾಗಾಯಿತು. ಅವರ ಕೀರ್ತಿಗೆ ಇದರಿಂದ ಕೊರತೆಯಾಗಲಿಲ್ಲ. ಒಪ್ಪಿ ಓಡಿ ಸೋತಿದ್ದರೆ ಹೊಗಳಿದವರೇ ನಕ್ಕುಬಿಡುತ್ತಿದ್ದರು.

ಕೊಡಗಿನವರು ಈ ಪಾಠವನ್ನು ಪಂದ್ಯದ ವ್ಯವಸ್ಥೆಯಲ್ಲಿಯೇ ಅಡಗಿಸಿಟ್ಟಿದ್ದಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನು ಕೂಡಿಸಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ ತಂಡಗಳ ಸಂಖ್ಯೆ 360ಕ್ಕೆ ಏರಿತ್ತು. ಅಲ್ಲಿ ಸೋತ ಕುಟುಂಬವು ಅಂದೇ ಆಟದಿಂದ ಹೊರಗೆ. ಗೆದ್ದವರಿಗೆ ದೊರೆಯುವ ಬಹುಮಾನವೆಂದರೆ ಇನ್ನೂ ಗಟ್ಟಿಯಾದ ಎದುರಾಳಿ. ಇಂತಹ ಕ್ರಮದಲ್ಲಿ ಮೊದಲ ಗೆಲುವಿನ ಮದವು ಒಂದು ರಾತ್ರಿಗಿಂತ ಹೆಚ್ಚು ಬಾಳುವುದು ಕಷ್ಟ. ಸೋತ ಮನೆಯವರೂ ಉಳಿದ ದಿನಗಳಲ್ಲಿ ಮೈದಾನಕ್ಕೆ ಬರುತ್ತಾರೆ. ಏಕೆಂದರೆ ಅವರು ಬಂದುದು ಕಪ್ಪಿಗೆ ಮಾತ್ರವಲ್ಲ, ಬಂಧುಗಳನ್ನು ಕಾಣುವುದಕ್ಕೂ. ಅವರ ಆಸೆಗೆ ಎರಡು ಕಾಲುಗಳಿವೆ. ಒಂದು ಜಾರಿದರೂ ಬೀಳುವುದಿಲ್ಲ.

ಇನ್ನು ಕನ್ನಡ ವ್ಯಾಕರಣಕ್ಕೆ ಸಂಬಂಧಿಸಿದ ಒಂದು ಮಾತು. “ಈ ಸಲ ಕಪ್ ನಮ್ದೇ” ಎಂಬ ಘೋಷಣೆಯನ್ನು ಕೇಳದವರು ಕರ್ನಾಟಕದಲ್ಲಿ ಇಲ್ಲ. ಇದರ ಪ್ರಾಣವೆಲ್ಲ ಕೊನೆಯ ‘ಏ’ಕಾರದಲ್ಲಿದೆ. ವೈಯಾಕರಣರು ಅದನ್ನು ಅವಧಾರಣೆ ಎನ್ನುತ್ತಾರೆ. ಸಂಶಯವಿದ್ದಲ್ಲಿಯೇ ಅವಧಾರಣೆಯ ಪ್ರಯೋಜನ. ಸಂಶಯವಿಲ್ಲದಲ್ಲಿ ಅದು ಬೇಡ. ಹೊಲದ ಯಜಮಾನನು “ಈ ಹೊಲ ನಮ್ಮದು” ಎನ್ನುತ್ತಾನೆ. ವ್ಯಾಜ್ಯದಲ್ಲಿರುವವನು “ನಮ್ಮದೇ” ಎನ್ನುತ್ತಾನೆ. ಹದಿನೇಳು ವರ್ಷಗಳ ವ್ಯಾಜ್ಯವು ಆ ಒಂದು ಅಕ್ಷರದಲ್ಲಿ ಕೇಳಿಬರುತ್ತಿತ್ತು. 2024ರ ಮಾರ್ಚ್ 17ರಂದು ಮಹಿಳೆಯರ ತಂಡವು ದಿಲ್ಲಿಯನ್ನು ಸೋಲಿಸಿ ಕಪ್ಪನ್ನು ಗೆದ್ದಾಗ, ಕನ್ನಡ ಮನೆಮಾತಲ್ಲದ ನಾಯಕಿ ಸ್ಮೃತಿ ಮಂಧಾನಾ ಅವರು ‘ನಮ್ದೇ’ಯನ್ನು ಬಿಟ್ಟು “ಈ ಸಲ ಕಪ್ ನಮ್ದು” ಎಂದರು. ಕೈಗೆ ಬಂದುದಕ್ಕೆ ಅವಧಾರಣೆ ಬೇಕಿರಲಿಲ್ಲ. ಮಾಸ್ತರರು ಆ ರಾತ್ರಿ ಬಲಗಡೆಯ ಕಲಮಿನಲ್ಲಿ ಆ ಒಂದು ಶಬ್ದವನ್ನು ಬರೆದು, ಕೆಳಗೆ ಗೆರೆ ಎಳೆದರು. ಆ ಘೋಷಣೆಯನ್ನು ಇನ್ನು ಆಡಬೇಡವೆಂದು ವಿರಾಟ್ ಕೊಹ್ಲಿಯವರಿಂದ ತಮಗೆ ಸಂದೇಶ ಬಂದಿತ್ತೆಂದು ಡಿವಿಲಿಯರ್ಸರು 2025ರಲ್ಲಿ ಹೇಳಿಕೊಂಡರು. ಅಭಿಮಾನಿಯ ಬಾಯಿಯಲ್ಲಿ ಹೂವಿನಂತಿರುವ ಮಾತು ಆಟಗಾರನ ಹೆಗಲಿಗೆ ಕಲ್ಲಿನ ಭಾರವಾಗಿರಬಹುದೆಂದು ಇದರಿಂದ ಊಹಿಸಬಹುದು.

ಆ 2025ರ ಪಂದ್ಯಾವಳಿಯು ಮಾರ್ಚ್ 22ರಂದು ಕೋಲ್ಕತ್ತದಲ್ಲಿ ಗೆಲುವಿನೊಡನೆ ಆರಂಭವಾಯಿತು. ಎರಡನೆಯ ಪಂದ್ಯದಲ್ಲಿ ತಂಡವು ಚೆನ್ನೈಯವರನ್ನು ಅವರದೇ ಅಂಗಳದಲ್ಲಿ 50 ರನ್ನುಗಳಿಂದ ಸೋಲಿಸಿತು. 2008ರ ಬಳಿಕ ಅಲ್ಲಿ ಗೆದ್ದುದು ಅದೇ ಮೊದಲು. ಊರಿನಲ್ಲಿ ಮತ್ತೆ ಹಳೆಯ ಜ್ವರ. ಆದರೆ ತಂಡವು ಬೆಂಗಳೂರಿಗೆ ಬಂದಾಗ, ತನ್ನವರೇ ತುಂಬಿದ್ದ ಕ್ರೀಡಾಂಗಣದಲ್ಲಿ, ಮೊದಲ ಮೂರು ಪಂದ್ಯಗಳನ್ನೂ ಸೋತಿತು. ಪರಸ್ಥಳಗಳಲ್ಲಾದರೋ ಲೀಗಿನ ಏಳಕ್ಕೆ ಏಳನ್ನೂ ಗೆದ್ದಿತು. ಅಂಕಣದ ಗುಣ, ಮಂಜು, ಟಾಸು ಎಂದು ಬಲ್ಲವರು ಹಲವು ಕಾರಣಗಳನ್ನು ಹೇಳಿದರು, ಅವೆಲ್ಲ ನಿಜವಿದ್ದಾವು. ಮಾಸ್ತರರ ಪತ್ನಿ ಮಾತ್ರ ಬೇರೊಂದನ್ನು ಹೇಳಿದರು: “ಮನೆಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರೆ ನನಗೂ ದೋಸೆ ಹರಿಯುತ್ತದೆ.” ಇದು ಬಲಗಡೆಯ ಕಲಮಿಗೆ ಸೇರಿತು.

ಗಡಿಯಲ್ಲಿ ಉದ್ವಿಗ್ನತೆಯುಂಟಾಗಿ ಮೇ ತಿಂಗಳಲ್ಲಿ ಪಂದ್ಯಗಳು ಕೆಲವು ದಿನ ನಿಂತವು. ಕಡೆಯ ಪಂದ್ಯವು ಪತ್ತನಾಜೆಯನ್ನು ದಾಟಿ ಜೂನ್ 3ಕ್ಕೆ ಬಿದ್ದಿತು. ಅಂದು ಅಹಮದಾಬಾದಿನಲ್ಲಿ ತಂಡವು ಪಂಜಾಬಿನವರನ್ನು 6 ರನ್ನುಗಳಿಂದ ಸೋಲಿಸಿ, ಹದಿನೆಂಟನೆಯ ವರ್ಷದಲ್ಲಿ ಕಪ್ಪನ್ನು ಎತ್ತಿತು. ಹಿರಿಯಡ್ಕದಲ್ಲಿ ನಡುರಾತ್ರಿಯವರೆಗೆ ಗರ್ನಾಲು ಸಿಡಿಯಿತು. ಪುಸ್ತಕದ ಎರಡು ಕಲಮುಗಳೂ ಅಂದು ಮೊದಲ ಬಾರಿಗೆ ಒಂದೇ ಮಾತನ್ನು ಹೇಳಿದವು.

ಮರುದಿನ ಬುಧವಾರ. ಮೊಮ್ಮಗನು ಅಷ್ಟರಲ್ಲಿ ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದನು. ಮಧ್ಯಾಹ್ನ ಅವನು ಮನೆಗೆ ಫೋನು ಮಾಡಿ, ಆಟಗಾರರನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗುವೆನೆಂದು ತಿಳಿಸಿದ್ದನು. ಸಂಜೆ ದೂರದರ್ಶನದಲ್ಲಿ ಮೊದಲು ಜನಸಾಗರವನ್ನು ತೋರಿಸಿದರು. ಅನಂತರ ಚಪ್ಪಲಿಗಳ ರಾಶಿಯನ್ನು ತೋರಿಸಿದರು. ಅನಂತರ ಆಸ್ಪತ್ರೆಯ ಬಾಗಿಲನ್ನು ತೋರಿಸಿದರು. ಕ್ರೀಡಾಂಗಣದ ದ್ವಾರಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಐವತ್ತಕ್ಕೂ ಹೆಚ್ಚು ಜನರು ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯ ಪ್ರಾಯದವರು. ಹಿರಿಯಡ್ಕದ ಮನೆಯಲ್ಲಿ ಸೊಸೆಯು ಫೋನನ್ನು ಒತ್ತುತ್ತಲೇ ಇದ್ದಳು. ಆ ಕಡೆಯಿಂದ ಗಂಟೆಯೂ ಕೇಳಿಸಲಿಲ್ಲ. ಕರಾವಳಿಯಲ್ಲಿ ಅಂದು ಇಂತಹ ಮನೆಗಳು ಎಷ್ಟಿದ್ದವೋ! ಮಾಸ್ತರರು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಗೆ ನಡೆದರು. ರಾತ್ರಿ ಎಂಟರ ಮೇಲೆ ಮೊಮ್ಮಗನ ದನಿ ಕೇಳಿಸಿತು. ಗುಂಪನ್ನು ಕಂಡು ಅರ್ಧ ದಾರಿಯಿಂದಲೇ ಹಿಂತಿರುಗಿದ್ದನು. ಬಸ್ಸು ಸಿಗದೆ ನಡೆದುಕೊಂಡೇ ಕೋಣೆ ಸೇರಿದ್ದನು. “ಅಜ್ಜ, ನಾನು ಹೋಗಲಿಲ್ಲ” ಎಂದಷ್ಟೇ ಹೇಳಿ ಸುಮ್ಮನಾದನು. ಮಾಸ್ತರರು ಆ ದಿನದ ತಾರೀಕನ್ನು ಪುಸ್ತಕದಲ್ಲಿ ಬರೆದರು. ಎಡಗಡೆ 11 ಎಂಬ ಅಂಕೆಯಿದೆ. ಬಲಗಡೆ ಏನೂ ಇಲ್ಲ.

ಆ ದುರಂತದ ಹೊಣೆ ಯಾರದೆಂಬುದು ವಿಚಾರಣೆಗೂ ನ್ಯಾಯಸ್ಥಾನಕ್ಕೂ ಸೇರಿದ ವಿಷಯ. ಗೆಲುವನ್ನು ಕಾಣಬಂದ ಮಕ್ಕಳ ಮೇಲೆ ಅದನ್ನು ಹೊರಿಸುವುದು ಕ್ರೂರವಾದೀತು. ಆದರೆ ಹಿರಿಯರಾದವರು ತಿಳಿಯಬೇಕಾದ ಒಂದು ಸಂಗತಿ ಅಲ್ಲಿದೆ. ಭಂಗವಾದ ಆಸೆಯು ದುಃಖ ಕೊಡುವುದೆಂದು ಎಲ್ಲರೂ ಬಲ್ಲರು. ಈಡೇರಿದ ಆಸೆಗೂ ಹುಣಿ ಬೇಕೆಂಬುದನ್ನು ಬಲ್ಲವರು ಕಡಮೆ. ಹದಿನೇಳು ವರ್ಷ ಕಟ್ಟಿನಿಂತ ನೀರಿಗೆ ಒಂದೇ ದಿನ, ಒಂದೇ ಬಾಗಿಲಿನಲ್ಲಿ ದಾರಿ ತೋರಿಸಿದರೆ ಅದು ಗದ್ದೆಗೆ ಹರಿಯುವ ನೀರಾಗಿ ಉಳಿಯುವುದಿಲ್ಲ. ತಂಡವನ್ನು ನಡೆಯಿಸುವವರು, ಸುದ್ದಿಯನ್ನು ಹರಡುವವರು, ಊರನ್ನು ಆಳುವವರು, ಮನೆಯ ಯಜಮಾನರು, ಇವರೆಲ್ಲ ಸೇರಿ ಹಾಕಬೇಕಾದ ಹುಣಿ ಇದು. ಮತ್ತು ಹುಣಿ ಹಾಕುವ ಕಾಲವು ಪ್ರವಾಹದ ದಿನವಲ್ಲ, ಮೊದಲ ಮಳೆಯ ದಿನ.

ಇನ್ನೊಂದು ಅಪಾಯವು ಸದ್ದಿಲ್ಲದೆ ಮನೆಯೊಳಗೇ ಬರತಕ್ಕದ್ದು. ಮೊದಲ ಗೆಲುವುಗಳ ಬೆನ್ನಲ್ಲಿಯೇ ಪಣದ ಚಟವು ಬರುತ್ತದೆ. ನಾಲ್ಕು ಸಲ ಗೆದ್ದ ತಂಡವು ಐದನೆಯ ಸಲ ಗೆದ್ದೇ ಗೆಲ್ಲುವುದೆಂದು ನಂಬಿ, ಕೈಯಲ್ಲಿರುವ ಮೊಬೈಲಿನ ಮೂಲಕ ತಿಂಗಳ ಸಂಬಳವನ್ನೇ ಒಡ್ಡಿದ ತರುಣರಿದ್ದಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಆದರೆ ಮನಸ್ಸಿನೊಳಗಿನ ಪಣಕ್ಕೆ ಕಾಯಿದೆಯಿಲ್ಲ. ಅಲ್ಲಿ ಅಧಿಕಾರವಿರುವುದು ಮನೆಯ ಮಾತಿಗೆ ಮಾತ್ರ.

ಮಾಸ್ತರರು ಆ ಮಳೆಗಾಲದಲ್ಲಿ ಮೊಮ್ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಪುಸ್ತಕದ ರಟ್ಟಿನ ಒಳಮೈಯಲ್ಲಿ ಕೆಲವು ಕಟ್ಟಳೆಗಳನ್ನು ಬರೆಯಿಸಿದರು. ಲೀಗಿನ ಪಂದ್ಯಗಳು ಹದಿನಾಲ್ಕಾದರೆ ಏಳು ಮುಗಿಯುವ ತನಕ ಕಪ್ಪಿನ ಮಾತನ್ನು ಎತ್ತತಕ್ಕದ್ದಲ್ಲ. ಗೆದ್ದ ದಿನ ಗೆದ್ದುದು ಹೇಗೆಂದು ಕೇಳತಕ್ಕದ್ದು. ಎದುರಾಳಿಯು ಕೈಬಿಟ್ಟ ಕ್ಯಾಚುಗಳಿಂದಲೋ, ಸ್ವಂತ ಬಲದಿಂದಲೋ ಎಂದು ವಿಚಾರಿಸತಕ್ಕದ್ದು. ಸೋತ ದಿನ ಒಬ್ಬನ ಹೆಸರನ್ನು ಹಿಡಿದು ಬಯ್ಯತಕ್ಕದ್ದಲ್ಲ. ಆಸೆಗಾಗಿ ಹೊತ್ತನ್ನು ಕೊಡಬಹುದು, ಗಂಟಲನ್ನು ಕೊಡಬಹುದು; ಹಣವನ್ನೂ ಪ್ರಾಣವನ್ನೂ ಕೊಡತಕ್ಕದ್ದಲ್ಲ. ಕೊನೆಯ ಕಟ್ಟಳೆಯನ್ನು ಮೊಮ್ಮಗಳು ತಾನಾಗಿ ಸೇರಿಸಿದಳು: ಸೋತರೂ ಊಟ ಬಿಡತಕ್ಕದ್ದಲ್ಲ.

ಇವುಗಳನ್ನು ಕೇಳುತ್ತ ಹಲಸಿನ ಬೀಜ ಸುಲಿಯುತ್ತಿದ್ದ ಅಜ್ಜಿ, “ಇಷ್ಟೆಲ್ಲ ಬರೆಯಬೇಕೆ? ಮಿಡಿ ಎಣಿಸಿ ನೆಂಟರನ್ನು ಕರೆಯಬೇಡಿರಿ ಎಂದರೆ ಸಾಲದೆ?” ಎಂದು ಕೇಳಿದರು. ಮಾಸ್ತರರು ನಕ್ಕು, “ಮಿಡಿ ಬಿಟ್ಟದ್ದಕ್ಕೆ ಸಂತೋಷಪಡಬಾರದೆಂದು ಯಾರೂ ಹೇಳಲಿಲ್ಲವಲ್ಲ” ಎಂದರು. ಮಿಡಿಗೆ ಮಿಡಿಯಷ್ಟು, ಕಾಯಿಗೆ ಕಾಯಿಯಷ್ಟು, ಹಣ್ಣಿಗೆ ಹಣ್ಣಿನಷ್ಟು ಸಂತೋಷಪಡುವುದನ್ನು ಕಲಿತವನಿಗೆ ಋತುವಿನ ಮೂರು ಕಾಲವೂ ಸುಖದ ಕಾಲವೇ. ಒಮ್ಮೆಗೇ ಹಣ್ಣನ್ನು ಬಯಸುವವನಿಗೆ ಮಿಡಿಯ ಸೊಗಸೂ ತಪ್ಪುತ್ತದೆ. ಗಾಳಿಗೆ ಉದುರಿದರೆ ಹಣ್ಣೂ ತಪ್ಪುತ್ತದೆ.

ಮೊಮ್ಮಗನು ರಜೆ ಮುಗಿಸಿ ಬೆಂಗಳೂರಿಗೆ ಹೊರಡುವಾಗ, ಮುಂದಿನ ವರ್ಷದ ಪಂದ್ಯಗಳಿಗೆಂದು ಪುಸ್ತಕದ ಹೊಸ ಪುಟದಲ್ಲಿ ಹದಿನಾಲ್ಕು ಗೆರೆಗಳನ್ನು ಎಳೆದಿಟ್ಟನು. ಮೊದಲಿನ ಏಳು ಗೆರೆಗಳಲ್ಲಿ ಬಲಗಡೆಯ ಕಲಮನ್ನು ಕಿರಿದಾಗಿ, ನಾಲ್ಕು ಮಾತು ಹಿಡಿಸುವಷ್ಟು ಮಾತ್ರ ಬಿಟ್ಟಿದ್ದನು.